ಕಾಣೆಯಾದ ಇಪ್ಪತ್ತೈದು ಮಿಲಿಜೂಲ್

ಕೆಪಾಸಿಟರ್ ಎಂದರೆ ನಡುವೆ ನಿರೋಧಕ ಪದರವಿರುವ ಎರಡು ಫಲಕಗಳಲ್ಲಿ ಆವೇಶವನ್ನು ಕೂಡಿಡುವ ಸಾಧನ. 1000 ಮೈಕ್ರೋಫ್ಯಾರಡ್‌ನ ಒಂದು ಕೆಪಾಸಿಟರನ್ನು 10 ವೋಲ್ಟ್‌ವರೆಗೆ ಚಾರ್ಜ್ ಮಾಡಿ, ಬ್ಯಾಟರಿಯಿಂದ ಬಿಡಿಸಿ ಪಕ್ಕಕ್ಕೆ ಇಟ್ಟಿದ್ದೇವೆ ಎಂದುಕೊಳ್ಳಿ. ಅದರ ಒಂದು ಫಲಕದ ಮೇಲೆ 10 ಮಿಲಿಕೂಲಂಬ್ ಧನ ಆವೇಶ ಇದೆ, ಎದುರು ಫಲಕದ ಮೇಲೆ ಅಷ್ಟೇ ಋಣ ಆವೇಶ. ಒಳಗೆ ಕೂಡಿಟ್ಟ ಶಕ್ತಿ 50 ಮಿಲಿಜೂಲ್. ಈಗ ಅದೇ ಅಳತೆಯ, ಆದರೆ ಪೂರ್ತಿ ಬರಿದಾದ ಇನ್ನೊಂದು ಕೆಪಾಸಿಟರನ್ನು ತಂದು ಎರಡು ತಂತಿಗಳಿಂದ ಇದಕ್ಕೆ ಜೋಡಿಸುತ್ತೇವೆ. ಆವೇಶ ಎರಡಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ: ಒಂದೊಂದರಲ್ಲಿ 5 ಮಿಲಿಕೂಲಂಬ್, 5 ವೋಲ್ಟ್. ಕೂಡಿಸಿದರೆ ಮತ್ತೆ ಹತ್ತು ಮಿಲಿಕೂಲಂಬ್. ಆವೇಶದ ಲೆಕ್ಕದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಶಕ್ತಿಯ ಲೆಕ್ಕ ಮಾತ್ರ ಹಾಗೆ ಮುಗಿಯುವುದಿಲ್ಲ. ಕೆಪಾಸಿಟರಿನ ಶಕ್ತಿ ವೋಲ್ಟೇಜಿನ ವರ್ಗದ ಮೇಲೆ ನಿಂತಿದೆ. ವೋಲ್ಟೇಜ್ ಅರ್ಧವಾದರೆ ಶಕ್ತಿ ಕಾಲುಭಾಗವಾಗುತ್ತದೆ. ಹಾಗಾಗಿ ಒಂದೊಂದರಲ್ಲಿ ಹನ್ನೆರಡೂವರೆ ಮಿಲಿಜೂಲ್, ಎರಡೂ ಸೇರಿ ಇಪ್ಪತ್ತೈದು. ಹೊರಟಾಗ ಐವತ್ತಿತ್ತು. ಉಳಿದ ಇಪ್ಪತ್ತೈದು ಎಲ್ಲಿ?

ವಿದ್ಯುತ್ತಿನ ಪಾಠ ಕೇಳಿದವರಲ್ಲಿ ಬಹಳ ಮಂದಿ ಈ ಪ್ರಶ್ನೆಯನ್ನು ಎದುರಿಸಿಯೇ ಇರುತ್ತಾರೆ. ಸಿಗುವ ಉತ್ತರವೂ ಹೆಚ್ಚುಕಡಿಮೆ ಒಂದೇ: "ತಂತಿಯಲ್ಲಿ ಶಾಖವಾಗಿ ಹೋಯಿತು." ಉತ್ತರ ಸುಳ್ಳಲ್ಲ. ಆದರೆ ಅದು ಪ್ರಶ್ನೆಯ ಬಾಯಿಯನ್ನು ಅವಸರದಲ್ಲಿ ಮುಚ್ಚಿಬಿಡುತ್ತದೆ ಎಂದು ನನಗೆ ಯಾವಾಗಲೂ ಅನಿಸಿದೆ. ತಂತಿ ದಪ್ಪವಿರಲಿ, ತೆಳ್ಳಗಿರಲಿ, ತಾಮ್ರದ್ದಾಗಲಿ, ಕಬ್ಬಿಣದ್ದಾಗಲಿ, ಪ್ರತಿಸಲವೂ ನಷ್ಟ ಅಷ್ಟೇ ಏಕೆ? ತಂತಿಗೆ ರೋಧವೇ, ಅಂದರೆ ಪ್ರವಾಹವನ್ನು ತಡೆಯುವ ಗುಣವೇ, ಇಲ್ಲದಿದ್ದರೆ ಏನಾಗುತ್ತಿತ್ತು? ಆವೇಶದ ನಿಯಮ ಅಂತ್ಯವನ್ನು ಇಷ್ಟು ಖಚಿತವಾಗಿ ಹೇಳಿಬಿಡುವಾಗ ಶಕ್ತಿಯ ನಿಯಮಕ್ಕೆ ಇಲ್ಲಿ ಕೆಲಸವೇ ಇಲ್ಲವೇ? ಒಟ್ಟು ಮೊತ್ತ ಬದಲಾಗದು ಎನ್ನುವ ಈ ಎರಡು ಸಂರಕ್ಷಣಾ ನಿಯಮಗಳು ಒಂದೇ ಸಾಲಿನಲ್ಲಿ ನಿಂತು ಒಂದೇ ಕೆಲಸ ಮಾಡುತ್ತವೆ ಎಂದು ಪಠ್ಯಗಳು ನಮ್ಮಲ್ಲಿ ಒಂದು ಭಾವನೆ ಮೂಡಿಸುತ್ತವೆ. ಈ ಪುಟ್ಟ ವಿದ್ಯುತ್ ಮಂಡಲದಲ್ಲಿ (ಸರ್ಕ್ಯೂಟಿನಲ್ಲಿ) ಅವು ಬೇರೆಬೇರೆ ಕೆಲಸ ಮಾಡುವುದು ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ. ನನಗೆ ಇದರ ಮೇಲೆ ಇಷ್ಟೊಂದು ಪ್ರೀತಿ ಇರುವುದೂ ಅದಕ್ಕೇ.

ಮೊದಲು ಆವೇಶವನ್ನೇ ನೋಡೋಣ, ಏಕೆಂದರೆ ಅಲ್ಲಿಯೂ ಒಂದು ಸೂಕ್ಷ್ಮವಿದೆ. ಚಾರ್ಜ್ ಆದ ಕೆಪಾಸಿಟರಿನ ಒಟ್ಟು ಆವೇಶ ಸೊನ್ನೆ. ಒಂದು ಫಲಕದಲ್ಲಿ ಹೆಚ್ಚಾದದ್ದು ಇನ್ನೊಂದರಲ್ಲಿ ಕಡಿಮೆಯಾಗಿದೆ, ಅಷ್ಟೇ. ಹಾಗಾದರೆ ನಾವು "ಆವೇಶ ಉಳಿಯಿತು" ಎನ್ನುವಾಗ ಯಾವುದರ ಆವೇಶ? ಎರಡು ಕೆಪಾಸಿಟರುಗಳ ಮೇಲಿನ ಫಲಕಗಳನ್ನು ಒಂದು ತಂತಿ ಸೇರಿಸುತ್ತದೆ. ಆ ಎರಡು ಫಲಕಗಳೂ ಆ ತಂತಿಯೂ ಸೇರಿ ಒಂದು ದ್ವೀಪ. ಅದರಿಂದ ಹೊರಗೆ ಹೋಗಲು ಆವೇಶಕ್ಕೆ ದಾರಿಯಿಲ್ಲ, ಏಕೆಂದರೆ ಫಲಕಗಳ ನಡುವೆ ಇರುವುದು ನಿರೋಧಕ ಪದರ. ಕೆಳಗಿನ ಫಲಕಗಳೂ ಅವುಗಳ ತಂತಿಯೂ ಸೇರಿ ಇನ್ನೊಂದು ದ್ವೀಪ. ಮೇಲಿನ ದ್ವೀಪದಲ್ಲಿ ಹತ್ತು ಮಿಲಿಕೂಲಂಬ್ ಇತ್ತು, ಕೊನೆಗೂ ಹತ್ತೇ ಇರಬೇಕು. ನಿಯಮವನ್ನು ಹೀಗೆ ದ್ವೀಪದ ಲೆಕ್ಕದಲ್ಲಿ ಹಿಡಿದರೆ, ಕೆಪಾಸಿಟರುಗಳನ್ನು ತಿರುಗಿಸಿ ಜೋಡಿಸಿದಾಗ ಏನಾಗುತ್ತದೆ ಎಂಬುದೂ ತಾನಾಗಿ ಬಿಡಿಸಿಕೊಳ್ಳುತ್ತದೆ. ಎರಡನ್ನೂ 10 ವೋಲ್ಟ್‌ಗೆ ಚಾರ್ಜ್ ಮಾಡಿ, ಒಂದರ ಧನ ತುದಿಯನ್ನು ಇನ್ನೊಂದರ ಋಣ ತುದಿಗೆ ಸೇರಿಸಿದರೆ ಪ್ರತಿ ದ್ವೀಪದ ಮೊತ್ತ ಸೊನ್ನೆ. ಕೊನೆಯ ವೋಲ್ಟೇಜೂ ಸೊನ್ನೆ. ಎರಡರಲ್ಲಿದ್ದ ನೂರು ಮಿಲಿಜೂಲೂ ಒಂದಿಷ್ಟೂ ಉಳಿಯದೆ ಹೊರಟುಹೋಗುತ್ತದೆ. ಆವೇಶದ ನಿಯಮಕ್ಕೆ ಅದರಿಂದ ಎಳ್ಳಷ್ಟೂ ತಕರಾರಿಲ್ಲ.

"ಅರ್ಧ" ಎಂಬುದಕ್ಕೆ ಯಾವ ಮಹಿಮೆಯೂ ಇಲ್ಲ ಎಂಬುದು ಇಲ್ಲಿಗೇ ಗೊತ್ತಾಗುತ್ತದೆ. ಬರಿದಾದ ಕೆಪಾಸಿಟರ್ 4000 ಮೈಕ್ರೋಫ್ಯಾರಡ್‌ನದಾಗಿದ್ದರೆ ಕೊನೆಯ ವೋಲ್ಟೇಜ್ 2, ಉಳಿಯುವ ಶಕ್ತಿ ಬರೀ 10 ಮಿಲಿಜೂಲ್, ಹೋದದ್ದು ನಲವತ್ತು. ಎರಡನೆಯದು ಮೊದಲಿನಂತೆ 1000 ಮೈಕ್ರೋಫ್ಯಾರಡ್‌ನದೇ ಆಗಿ, ಆದರೆ ಬರಿದಾಗಿರದೆ ಅದರಲ್ಲಿ ಮೊದಲೇ 4 ವೋಲ್ಟ್ ಇದ್ದಿದ್ದರೆ ಎರಡೂ 7 ವೋಲ್ಟ್‌ಗೆ ಬಂದು ನಿಲ್ಲುತ್ತವೆ. 58 ಮಿಲಿಜೂಲ್ ಇದ್ದದ್ದು 49 ಆಗುತ್ತದೆ, ಹೋದದ್ದು ಒಂಬತ್ತು. ಈ ಎಲ್ಲ ಲೆಕ್ಕಗಳ ಹಿಂದೆ ಇರುವುದು ಒಂದೇ ಸೂತ್ರ. ಎರಡು ಕೆಪಾಸಿಟರುಗಳನ್ನು ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಜೋಡಿಸಿದರೆ ಎಷ್ಟು ಧಾರಕತೆ (ಫ್ಯಾರಡ್ ಲೆಕ್ಕದ ಅಳತೆ) ಬರುತ್ತದೋ ಅದನ್ನು ವೋಲ್ಟೇಜುಗಳ ವ್ಯತ್ಯಾಸದ ವರ್ಗದಿಂದ ಗುಣಿಸಿ ಅರ್ಧ ಮಾಡಿದರೆ ಬರುವುದೇ ನಷ್ಟ. ವೋಲ್ಟೇಜುಗಳಲ್ಲ, ಅವುಗಳ ವ್ಯತ್ಯಾಸ ಎಂಬುದನ್ನು ಗಮನಿಸಿ. ಈ ಬರಹದ ಕೊನೆಯ ಭಾಗವೆಲ್ಲ ಆ ಒಂದು ಮಾತಿನ ಮೇಲೆ ನಿಂತಿದೆ.

ಸೂತ್ರದಲ್ಲಿ ರೋಧದ ಹೆಸರೇ ಇಲ್ಲ. ಏಕಿಲ್ಲ? ಲೆಕ್ಕ ಮಾಡಿ ತೋರಿಸಬಹುದು, ತೋರಿಸುತ್ತೇನೆ ಕೂಡ. ಆದರೆ ಲೆಕ್ಕಕ್ಕಿಂತ ಮೊದಲು ಇದನ್ನು ಇನ್ನೊಂದು ಬದಿಯಿಂದ ನೋಡುವುದು ನನಗೆ ಇಷ್ಟ. ದ್ವೀಪದಲ್ಲಿ ಹತ್ತು ಮಿಲಿಕೂಲಂಬ್ ಇದೆ. ಅದನ್ನು ಎರಡು ಕೆಪಾಸಿಟರುಗಳ ನಡುವೆ ಹೇಗೆ ಬೇಕಾದರೂ ಹಂಚಬಹುದು ಎಂದುಕೊಳ್ಳೋಣ. ಹತ್ತು-ಸೊನ್ನೆ ಹಂಚಿದರೆ ಶಕ್ತಿ ಐವತ್ತು. ಎಂಟು-ಎರಡು ಹಂಚಿದರೆ ಮೂವತ್ತನಾಲ್ಕು. ಆರು-ನಾಲ್ಕು ಹಂಚಿದರೆ ಇಪ್ಪತ್ತಾರು. ಐದು-ಐದು ಆದಾಗ ಇಪ್ಪತ್ತೈದು. ಅಲ್ಲಿಂದ ಆಚೆಗೆ ಮತ್ತೆ ಏರಿಕೆ. ಅಂದರೆ ವೋಲ್ಟೇಜುಗಳು ಸಮನಾದ ಸ್ಥಿತಿ ಒಂದು ಕಣಿವೆಯ ತಳ. ಇದ್ದ ಆವೇಶಕ್ಕೆ ಸಾಧ್ಯವಿರುವ ಅತಿ ಕಡಿಮೆ ಶಕ್ತಿ ಅದು. ಎಲ್ಲವೂ ನಿಶ್ಚಲವಾಗಿ ನಿಲ್ಲಬೇಕಾದರೆ ಅಲ್ಲಿಯೇ ನಿಲ್ಲಬೇಕು, ಮತ್ತು ಅಲ್ಲಿ ನಿಲ್ಲಬೇಕಾದರೆ ಹೆಚ್ಚುವರಿ ಇಪ್ಪತ್ತೈದು ಮಿಲಿಜೂಲನ್ನು ಯಾರಿಗಾದರೂ ಒಪ್ಪಿಸಿಯೇ ತೀರಬೇಕು. ಆವೇಶದ ನಿಯಮ ಕಣಿವೆಯ ಆಕಾರವನ್ನು ಗೊತ್ತುಮಾಡುತ್ತದೆ. ಶಕ್ತಿಯ ನಿಯಮ ಒಪ್ಪಿಸಬೇಕಾದ ಮೊತ್ತವನ್ನು ಹೇಳುತ್ತದೆ. ಯಾರಿಗೆ ಒಪ್ಪಿಸಬೇಕು ಎಂಬುದನ್ನು ಎರಡೂ ಹೇಳುವುದಿಲ್ಲ. ಅದನ್ನು ಹೇಳುವುದು ಆ ಮಂಡಲದ ಒಡಲು: ತಂತಿ, ಸುತ್ತು, ಕಿಡಿ, ಫಲಕಗಳ ನಡುವಿನ ಪದರ.

ಈಗ ರೋಧ. ನಡುವೆ 1000 ಓಮ್‌ನ ಒಂದು ರೆಸಿಸ್ಟರ್ ಹಾಕಿದರೆ ಮೊದಲ ಕ್ಷಣದ ಪ್ರವಾಹ 10 ಮಿಲಿಆಂಪಿಯರ್, ರೆಸಿಸ್ಟರ್ ಶಕ್ತಿಯನ್ನು ನುಂಗುವ ವೇಗ ಆ ಕ್ಷಣಕ್ಕೆ ಒಂದು ವಾಟ್‌ನ ಹತ್ತನೆಯ ಒಂದು ಭಾಗ. ಮಂಡಲದ ಕಾಲಾಂಕ, ಅಂದರೆ ಬದಲಾವಣೆ ಎಷ್ಟು ಬೇಗ ನಡೆಯುತ್ತದೆ ಎಂದು ಹೇಳುವ ಹೊತ್ತು, ಅರ್ಧ ಸೆಕೆಂಡ್. ಎರಡು ಮೀಟರುಗಳನ್ನು ಹಚ್ಚಿ ಕೂತರೆ ಒಂದರ ಮುಳ್ಳು ಹತ್ತರಿಂದ ಇಳಿಯುವುದನ್ನೂ ಇನ್ನೊಂದರದು ಸೊನ್ನೆಯಿಂದ ಏರುವುದನ್ನೂ ಕಣ್ಣಾರೆ ನೋಡಬಹುದು. ಮೊದಮೊದಲು ವೇಗವಾಗಿ, ಬರಬರುತ್ತ ನಿಧಾನವಾಗಿ ಎರಡೂ ಐದರ ಹತ್ತಿರ ಬಂದು ಕೂಡುತ್ತವೆ. ಎರಡೂವರೆ ಸೆಕೆಂಡಿನಲ್ಲಿ ಕೆಲಸ ಮುಗಿದಂತೆಯೇ. ಅದೇ ಜಾಗದಲ್ಲಿ ಒಂದು ಓಮ್‌ನ ನೂರನೆಯ ಒಂದು ಭಾಗದಷ್ಟು ರೋಧ ಮಾತ್ರ ಇದ್ದರೆ, ಲೆಕ್ಕದ ಪ್ರಕಾರ ಮೊದಲ ಕ್ಷಣಕ್ಕೆ 1000 ಆಂಪಿಯರ್, 10 ಕಿಲೋವಾಟ್. ಕಾಲಾಂಕ 5 ಮೈಕ್ರೋಸೆಕೆಂಡ್. ರೋಧ ಲಕ್ಷ ಪಟ್ಟು ಇಳಿದಾಗ ಬಿಸಿ ಮಾಡುವ ವೇಗ ಲಕ್ಷ ಪಟ್ಟು ಏರಿತು, ಬಿಸಿ ಮಾಡುವ ಹೊತ್ತು ಲಕ್ಷ ಪಟ್ಟು ಕುಗ್ಗಿತು. ಗುಣಿಸಿದರೆ ಮತ್ತೆ ಅದೇ ಇಪ್ಪತ್ತೈದು ಮಿಲಿಜೂಲ್. ರೋಧವನ್ನು ಎಷ್ಟು ಇಳಿಸಿದರೂ ಶಾಖ ಇಳಿಯುವುದಿಲ್ಲ. ಅದು ಇನ್ನಷ್ಟು ಕಿರಿದಾದ ಕ್ಷಣದೊಳಗೆ ಒತ್ತರಿಸಿಕೊಳ್ಳುತ್ತದೆ, ಅಷ್ಟೇ.

ಇಷ್ಟು ಶಾಖ ಕೈಗೆ ತಾಕುವಂಥದ್ದಲ್ಲ. ಒಂದು ಗ್ರಾಂ ತಾಮ್ರಕ್ಕೆ 25 ಮಿಲಿಜೂಲ್ ಕೊಟ್ಟರೆ ಅದರ ತಾಪ ಏರುವುದು ಒಂದು ಡಿಗ್ರಿಯ ಹದಿನೈದನೆಯ ಒಂದು ಭಾಗದಷ್ಟು. ಅಷ್ಟೂ ತಂತಿಗೇ ಸೇರುತ್ತದೆ ಎಂದೂ ಇಲ್ಲ. ಮಂಡಲದ ಉದ್ದಕ್ಕೂ ಹರಿಯುವುದು ಒಂದೇ ಪ್ರವಾಹ, ಆದ್ದರಿಂದ ರೋಧ ಎಲ್ಲಿ ಹೆಚ್ಚಿದೆಯೋ ಶಾಖ ಅಲ್ಲಿ ಹೆಚ್ಚು. ದಪ್ಪ ತಾಮ್ರದ ತಂತಿಯಿಂದ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳನ್ನು ಜೋಡಿಸಿದಾಗ ತಂತಿಗಿಂತ ಕೆಪಾಸಿಟರಿನ ಒಳಗಿನ ದ್ರಾವಣದ ರೋಧವೇ ಹೆಚ್ಚು. ಆಗ ಕಾಣೆಯಾದ ಶಕ್ತಿಯ ದೊಡ್ಡ ಪಾಲು ಕೆಪಾಸಿಟರುಗಳ ಹೊಟ್ಟೆಯೊಳಗೇ ಇರುತ್ತದೆ. ನಾವು ಅದನ್ನು ಹೊರಗಿನ ತಂತಿಯಲ್ಲಿ ಹುಡುಕುತ್ತಿರುತ್ತೇವೆ. ತುದಿಗಳನ್ನು ಮುಟ್ಟಿಸುವಾಗ ಚಿಟ್ ಎಂದು ಹಾರುವ ಕಿಡಿಗೂ ಒಂದು ಪಾಲಿದೆ: ಬೆಳಕು, ಸದ್ದು, ತಂತಿಯ ತುದಿಯಲ್ಲಿ ಸೂಜಿಮೊನೆಯಷ್ಟು ಕರಗಿದ ಲೋಹ. ಮಾಡಿ ನೋಡುವ ಆಸೆ ಇರುವವರು ಹತ್ತು ವೋಲ್ಟಿನ ಆಸುಪಾಸಿನಲ್ಲೇ ಇರಿ, ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಧನ-ಋಣ ಗುರುತನ್ನು ತಪ್ಪಿಸಬೇಡಿ. ನೂರಾರು ವೋಲ್ಟಿನ ಕೆಪಾಸಿಟರುಗಳು ಪ್ರಾಣಕ್ಕೇ ಕುತ್ತು ತರಬಲ್ಲವು.

ಅಳತೆಯಲ್ಲಿ ಸರಿಯಾಗಿ 5 ವೋಲ್ಟ್ ಬರುವುದು ಅಪರೂಪ, ಅದಕ್ಕೆ ಗಾಬರಿಯಾಗಬೇಕಿಲ್ಲ. ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಮೇಲೆ ಅಚ್ಚಾದ ಬೆಲೆಗೂ ನಿಜವಾದ ಬೆಲೆಗೂ ಶೇಕಡ 20ರಷ್ಟು ವ್ಯತ್ಯಾಸವಿರುವುದು ಸಾಮಾನ್ಯ.

ಈಗ ನನ್ನನ್ನು ಹೆಚ್ಚು ಹಿಡಿದಿಟ್ಟ ಪ್ರಶ್ನೆಗೆ ಬರುತ್ತೇನೆ. ರೋಧ ಸೊನ್ನೆಯೇ ಆಗಿದ್ದರೆ? ಕಾಗದದ ಮೇಲೆ ಎರಡು ಕೆಪಾಸಿಟರ್, ನಡುವೆ ಆದರ್ಶ ತಂತಿ ಎಂದು ಎರಡು ಗೆರೆ ಎಳೆಯುತ್ತೇವೆ. ಸ್ವಿಚ್ ಮುಚ್ಚಿದ ಕ್ಷಣದಲ್ಲಿ ಒಂದು ಬದಿ 10 ವೋಲ್ಟ್, ಇನ್ನೊಂದು ಬದಿ ಸೊನ್ನೆ. ನಡುವಿನ ತಂತಿಯಲ್ಲಿ ವೋಲ್ಟೇಜ್ ಇಳಿಯುವಂತಿಲ್ಲ, ಏಕೆಂದರೆ ಅದಕ್ಕೆ ರೋಧವೇ ಇಲ್ಲವೆಂದು ನಾವೇ ಹೇಳಿದ್ದೇವೆ. ಹಾಗಾದರೆ ಹತ್ತು ಸೊನ್ನೆಗೆ ಸಮ ಎಂದಾಯಿತು. ಇದು ಪ್ರಕೃತಿಯ ಒಗಟಲ್ಲ, ನಾವು ಬರೆದ ಚಿತ್ರದ ವಿರೋಧಾಭಾಸ. ಶಕ್ತಿ ಸಂರಕ್ಷಣೆ ಮುರಿಯುವುದಕ್ಕೂ ಮೊದಲೇ ಚಿತ್ರ ಮುರಿದಿದೆ. ಇದನ್ನು ತರಗತಿಯಲ್ಲಿ ಹೇಳದೆ "ಆದರ್ಶ ತಂತಿಯಲ್ಲೂ ಅರ್ಧ ಶಕ್ತಿ ನಷ್ಟ" ಎಂದು ಬರೆಸುವುದು ವಿದ್ಯಾರ್ಥಿಗಳಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಎರಡು ಬಿಂದುಗಳ ನಡುವೆ ಹತ್ತು ವೋಲ್ಟ್ ಇರುವಾಗ ಆ ಹತ್ತು ವೋಲ್ಟನ್ನು ಹೊರುವ ಏನೋ ಒಂದು ಅಲ್ಲಿ ಇರಲೇಬೇಕು. ರೋಧ ಹೊರದಿದ್ದರೆ ಮತ್ತೇನು ಹೊರುತ್ತದೆ?

ಚಿತ್ರದಲ್ಲಿ ಬರೆಯದೆ ಬಿಟ್ಟಿರುವ ಇಂಡಕ್ಟೆನ್ಸ್. ಹೋಗಿಬರುವ ದಾರಿ ಇದ್ದಲ್ಲೆಲ್ಲ ಒಂದು ಸುತ್ತು ಇರುತ್ತದೆ, ಸುತ್ತಿನೊಳಗೆ ಒಂದಿಷ್ಟು ಜಾಗ ಇರುತ್ತದೆ, ಪ್ರವಾಹ ಹರಿದಾಗ ಆ ಜಾಗದಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ. ಕ್ಷೇತ್ರ ಕಟ್ಟಲು ಶಕ್ತಿ ಬೇಕು, ಹೊತ್ತು ಬೇಕು. ಅತಿವಾಹಕ ತಂತಿ ಹಾಕಿ ರೋಧವನ್ನು ನಿಜವಾಗಿಯೂ ಇಲ್ಲವಾಗಿಸಬಹುದು, ಆದರೆ ಸುತ್ತನ್ನು ಇಲ್ಲವಾಗಿಸಲು ಬರುವುದಿಲ್ಲ. ಎರಡು ತೊಟ್ಟಿಗಳನ್ನು ತಳದಲ್ಲಿ ಕೊಳವೆಯಿಂದ ಜೋಡಿಸಿ ತುಂಬಿದ ಕಡೆಯಿಂದ ನೀರು ಬಿಟ್ಟರೆ, ನೀರು ಸಮಮಟ್ಟಕ್ಕೆ ಬಂದೊಡನೆ ನಿಂತುಬಿಡುವುದಿಲ್ಲ. ಹೊರಟ ಓಟದಲ್ಲಿ ಮಟ್ಟವನ್ನು ದಾಟಿ ಆಚೆ ಏರುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ, ಘರ್ಷಣೆ ಅದನ್ನು ಸುಸ್ತು ಮಾಡುವವರೆಗೂ ತೂಗಾಡುತ್ತದೆ. ನೀರಿಗೆ ಜಡತ್ವ ಹೇಗೋ ಪ್ರವಾಹಕ್ಕೆ ಇಂಡಕ್ಟೆನ್ಸ್ ಹಾಗೆ.

ಸುತ್ತಿನ ಇಂಡಕ್ಟೆನ್ಸ್ ಒಂದು ಮೈಕ್ರೋಹೆನ್ರಿ ಎಂದಿಟ್ಟುಕೊಂಡು ಹತ್ತಿರದಿಂದ ನೋಡೋಣ. ರೋಧ ಸೊನ್ನೆ. ಸ್ವಿಚ್ ಮುಚ್ಚಿದ ಕ್ಷಣ ಹತ್ತು ವೋಲ್ಟನ್ನೂ ಈ ಇಂಡಕ್ಟೆನ್ಸ್ ಹೊರುತ್ತದೆ. ಪ್ರವಾಹ ಸೊನ್ನೆಯಿಂದ ಏರತೊಡಗುತ್ತದೆ. ಸುಮಾರು 35 ಮೈಕ್ರೋಸೆಕೆಂಡ್ ಕಳೆದಾಗ ಎರಡೂ ಕೆಪಾಸಿಟರುಗಳಲ್ಲಿ 5 ವೋಲ್ಟ್ ಇದೆ. ಪಠ್ಯದ ಅಂತಿಮ ಸ್ಥಿತಿಯೇ ಇದು. ಆದರೆ ಅದೇ ಕ್ಷಣದಲ್ಲಿ ತಂತಿಯಲ್ಲಿ ಸುಮಾರು 224 ಆಂಪಿಯರ್ ಹರಿಯುತ್ತಿದೆ, ಅದರ ಕಾಂತಕ್ಷೇತ್ರದಲ್ಲಿರುವ ಶಕ್ತಿ ಸರಿಯಾಗಿ 25 ಮಿಲಿಜೂಲ್. ಹುಡುಕುತ್ತಿದ್ದದ್ದು ಅಲ್ಲೇ ಇದೆ, ತಂತಿಯ ಸುತ್ತಲಿನ ಬಯಲಿನಲ್ಲಿ. ಈ ಲೆಕ್ಕ ಹೊಂದುವುದನ್ನು ನೋಡುವಾಗ ನನಗೆ ಇಂದಿಗೂ ಮೈ ನವಿರೇಳುತ್ತದೆ.

ಅಲ್ಲಿಗೆ ನಿಲ್ಲುವುದಿಲ್ಲ. ಪ್ರವಾಹ ಓಡುತ್ತಲೇ ಇರುತ್ತದೆ. ಇನ್ನೂ 35 ಮೈಕ್ರೋಸೆಕೆಂಡ್ ಕಳೆದಾಗ ಮೊದಲ ಕೆಪಾಸಿಟರ್ ಪೂರ್ತಿ ಬರಿದು, ಎರಡನೆಯದರಲ್ಲಿ ಹತ್ತು ವೋಲ್ಟ್, ಐವತ್ತು ಮಿಲಿಜೂಲ್. ಮತ್ತೆ ಹಿಂದಕ್ಕೆ. ಸೆಕೆಂಡಿಗೆ ಏಳು ಸಾವಿರಕ್ಕೂ ಹೆಚ್ಚು ಸಲ ಈ ಹೋಗಿಬರುವಿಕೆ ನಡೆಯುತ್ತದೆ. ಶಕ್ತಿ ಎಲ್ಲೂ ಕಳೆದಿಲ್ಲ, ಆವೇಶವೂ ಕಳೆದಿಲ್ಲ, ಆದರೆ "ಕೊನೆಯ ಸ್ಥಿತಿ" ಎಂಬುದೇ ಇಲ್ಲ. ರೋಧದ ನಿಜವಾದ ಕೆಲಸ ಈಗ ಬೇರೆಯಾಗಿ ಕಾಣುತ್ತದೆ: ಶಕ್ತಿ ಕದಿಯುವ ಕಳ್ಳ ಎನ್ನುವುದಕ್ಕಿಂತ ತೂಗಾಟವನ್ನು ನಿಲ್ಲಿಸುವ ಹೊಣೆ ಹೊತ್ತದ್ದು ಅದು. ಈ ಅಳತೆಗಳಿಗೆ ಒಟ್ಟು ರೋಧ ಸುಮಾರು ಒಂದು ಓಮ್‌ನ ಹನ್ನೊಂದನೆಯ ಒಂದು ಭಾಗಕ್ಕಿಂತ ಹೆಚ್ಚಿದ್ದರೆ ತೂಗಾಟವೇ ಇಲ್ಲದೆ ನೇರವಾಗಿ ಐದಕ್ಕೆ ಇಳಿಯುತ್ತದೆ. ಕಡಿಮೆಯಿದ್ದರೆ ತೂಗಾಡುತ್ತ ಇಳಿಯುತ್ತದೆ. ಮೇಲೆ ಹೇಳಿದ 1000 ಆಂಪಿಯರ್ ಕೂಡ ಇಂಡಕ್ಟೆನ್ಸನ್ನು ಮರೆತ ಲೆಕ್ಕ. ಈ ಸುತ್ತಿನಲ್ಲಿ ಪ್ರವಾಹ ಇನ್ನೂರ ಇಪ್ಪತ್ತನಾಲ್ಕನ್ನು ದಾಟಲು ಸಾಧ್ಯವೇ ಇಲ್ಲ.

ಇದನ್ನು ಹೊಸ ಕಾಲದ ಒಳನೋಟ ಎಂದುಕೊಳ್ಳಬೇಕಿಲ್ಲ. ಕೆಪಾಸಿಟರಿನ ಪೂರ್ವಜನಾದ ಲೈಡನ್ ಜಾಡಿ 1745-46ರಲ್ಲಿ ಬಂತು. ಸುಮಾರು ನೂರು ವರ್ಷಗಳ ನಂತರ, 1842ರಲ್ಲಿ, ಅಮೆರಿಕದ ವಿಜ್ಞಾನಿ ಜೋಸೆಫ್ ಹೆನ್ರಿ ಆ ಜಾಡಿಯನ್ನು ಸುರುಳಿಯ ಮೂಲಕ ಬರಿದು ಮಾಡುತ್ತ ಒಳಗಿಟ್ಟ ಉಕ್ಕಿನ ಸೂಜಿಗಳನ್ನು ಗಮನಿಸಿದರು. ಪ್ರವಾಹ ಒಂದೇ ದಿಕ್ಕಿಗೆ ಹರಿದಿದ್ದರೆ ಸೂಜಿಗಳೆಲ್ಲ ಒಂದೇ ದಿಕ್ಕಿನ ಕಾಂತಗಳಾಗಬೇಕಿತ್ತು, ಕೆಲವು ತಿರುಗುಮುರುಗಾಗಿದ್ದವು. ಜಾಡಿ ಒಮ್ಮೆಗೇ ಖಾಲಿಯಾಗುವುದಿಲ್ಲ, ವಿದ್ಯುತ್ತು ಹಿಂದೆಮುಂದೆ ಓಡಾಡಿ ಕೊನೆಗೆ ತಣ್ಣಗಾಗುತ್ತದೆ ಎಂದು ಅವರು ತೀರ್ಮಾನಿಸಿದರು. 1847ರಲ್ಲಿ ಹೆಲ್ಮ್‌ಹೋಲ್ಟ್ಸ್ ಶಕ್ತಿ ಸಂರಕ್ಷಣೆಯ ಮೇಲೆ ಬರೆದ ಹೆಸರಾಂತ ಪ್ರಬಂಧದಲ್ಲಿ ಇದೇ ತೂಗಾಟದ ಮಾತನ್ನು ಎತ್ತಿದರು. ಅದು ಬರಬರುತ್ತ ಕುಗ್ಗಿ, ಶಕ್ತಿಯೆಲ್ಲ ರೋಧಗಳಲ್ಲಿ ಕರಗುವವರೆಗೂ ನಡೆಯುತ್ತದೆ ಎಂಬುದು ಅವರ ವಿವರಣೆ. ವಿಲಿಯಂ ಥಾಮ್ಸನ್ 1853ರಲ್ಲಿ ಅದಕ್ಕೆ ಗಣಿತ ಕೊಟ್ಟರು: ರೋಧ ಯಾವ ಮಿತಿಗಿಂತ ಕಡಿಮೆಯಾದರೆ ತೂಗಾಟ, ಯಾವ ಮಿತಿ ಮೀರಿದರೆ ನೇರ ಇಳಿಕೆ ಎಂಬುದು ಆ ಲೆಕ್ಕದಲ್ಲಿದೆ. ಆಮೇಲೆ ಫೆಡರ್ಸನ್ ತಿರುಗುವ ಕನ್ನಡಿಯ ನೆರವಿನಿಂದ ಕಿಡಿಯನ್ನು ಉದ್ದಕ್ಕೆ ಹರಡಿ ಅದರೊಳಗಿನ ಹೋಗಿಬರುವಿಕೆಯನ್ನು ಕಣ್ಣಿಗೆ ಕಾಣಿಸಿದರು. ಶಕ್ತಿ ಸಂರಕ್ಷಣೆಯ ನಿಯಮ ಹುಟ್ಟಿದ ದಶಕದಲ್ಲೇ ಈ ಒಗಟಿನ ಕೀಲಿಯೂ ಸಿಕ್ಕಿತ್ತು ಎಂಬುದು ಇದನ್ನು ಓದಿದಾಗಲೆಲ್ಲ ನನಗೆ ಹೊಳೆಯುತ್ತದೆ.

1880ರ ದಶಕದ ಕೊನೆಯಲ್ಲಿ ಹರ್ಟ್ಸ್ ಇಂಥದೇ ತೂಗಾಟದಿಂದ ವಿದ್ಯುತ್ಕಾಂತೀಯ ಅಲೆಗಳು ಹೊರಡುವುದನ್ನು ತೋರಿಸಿದರು. ಅಲ್ಲಿಂದ ಇನ್ನೊಂದು ಉತ್ತರ ಚಾಲ್ತಿಗೆ ಬಂದಿದೆ: ರೋಧ ಇಲ್ಲದಿದ್ದರೆ ಕಾಣೆಯಾದ ಶಕ್ತಿ ಅಲೆಗಳಾಗಿ ಹೊರಬೀಳುತ್ತದೆ. 2002ರಲ್ಲಿ ಅಮೆರಿಕನ್ ಜರ್ನಲ್ ಆಫ್ ಫಿಸಿಕ್ಸ್‌ನಲ್ಲಿ ಬಂದ ಒಂದು ಪ್ರಬಂಧ ಇದನ್ನು ಅಚ್ಚುಕಟ್ಟಾಗಿ ಲೆಕ್ಕ ಹಾಕಿದೆ. ತಾತ್ತ್ವಿಕವಾಗಿ ಅದು ಸರಿ. ರೋಧವೂ ಇಲ್ಲ, ಬೇರೆ ಯಾವ ಸೋರಿಕೆಯೂ ಇಲ್ಲ ಎಂದಾದರೆ ಕೊನೆಯ ಬಾಗಿಲು ವಿಕಿರಣವೇ. ಆದರೆ ಅದನ್ನು ನಿತ್ಯದ ಕೆಪಾಸಿಟರುಗಳಿಗೂ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಉದಾಹರಣೆಯ ಕಂಪನಾಂಕ ಏಳು ಕಿಲೋಹರ್ಟ್ಸ್. ಅದರ ಅಲೆಯುದ್ದ ನಲವತ್ತೆರಡು ಕಿಲೋಮೀಟರ್. ಗೇಣುದ್ದದ ಸುತ್ತೊಂದು ಅಷ್ಟು ಉದ್ದದ ಅಲೆಯನ್ನು ಹೊರಡಿಸುವುದರಲ್ಲಿ ಎಷ್ಟು ಅಸಮರ್ಥ ಎಂದರೆ, ವಿಕಿರಣವನ್ನು ರೋಧದ ಭಾಷೆಗೆ ತಂದರೆ ಅದು ಒಂದು ಓಮ್‌ನ ಕೋಟಿ ಕೋಟಿಯಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಅದನ್ನೇ ನಂಬಿ ಕೂತರೆ ತೂಗಾಟ ನಿಲ್ಲಲು ಸಾವಿರಾರು ವರ್ಷ ಬೇಕು. ಅಷ್ಟರೊಳಗೆ ಫಲಕಗಳ ನಡುವಿನ ಪದರವೇ ಶಕ್ತಿಯನ್ನೆಲ್ಲ ಬಿಸಿಯಾಗಿ ಹೀರಿರುತ್ತದೆ.

ನಷ್ಟ ಅನಿವಾರ್ಯವಲ್ಲ ಎಂಬುದನ್ನು ಮನದಟ್ಟು ಮಾಡುವ ಒಂದು ಮಂಡಲ ಇದೆ. ಎರಡು ಕೆಪಾಸಿಟರುಗಳ ನಡುವೆ ಬೇಕೆಂದೇ ಒಂದು ಇಂಡಕ್ಟರ್ (ತಂತಿಯ ಸುರುಳಿ) ಮತ್ತು ಒಂದು ಡಯೋಡ್ (ಪ್ರವಾಹವನ್ನು ಒಂದೇ ದಿಕ್ಕಿಗೆ ಬಿಡುವ ಸಾಧನ) ಹಾಕಿ. ಪ್ರವಾಹ ಏರುತ್ತದೆ, ಐದು-ಐದರ ಬಿಂದುವನ್ನು ದಾಟುತ್ತದೆ, ಎರಡನೆಯದು ತುಂಬಿ ಪ್ರವಾಹ ಸೊನ್ನೆಗೆ ಬಂದ ಕ್ಷಣ ಡಯೋಡ್ ಬಾಗಿಲು ಹಾಕುತ್ತದೆ. ಹಿಂದಕ್ಕೆ ಬರಲು ಬಿಡುವುದಿಲ್ಲ. ಡಯೋಡ್ ಆದರ್ಶವಾಗಿದ್ದರೆ ಹತ್ತು ಮಿಲಿಕೂಲಂಬ್ ಪೂರ್ತಿಯಾಗಿ, ಐವತ್ತು ಮಿಲಿಜೂಲ್ ಪೂರ್ತಿಯಾಗಿ ಈ ಕಡೆಯಿಂದ ಆ ಕಡೆಗೆ ವರ್ಗವಾಗುತ್ತದೆ. ನಿಜವಾದ ಸಿಲಿಕಾನ್ ಡಯೋಡಿನಲ್ಲಿ ಸುಮಾರು 0.7 ವೋಲ್ಟ್ ಇಳಿಯುತ್ತದೆ. ಆಗಲೂ ಎರಡನೆಯದಕ್ಕೆ 9.3 ವೋಲ್ಟ್ ತಲುಪುತ್ತದೆ, ನಷ್ಟ ಆರೂವರೆ ಮಿಲಿಜೂಲ್ ಮಾತ್ರ. ಆವೇಶದ ನಿಯಮ ಎರಡೂ ಸಂದರ್ಭದಲ್ಲಿ ಒಂದೇ. ಬದಲಾದದ್ದು ದಾರಿ.

ಇನ್ನೂ ಒಂದು ಪ್ರಸಂಗ. ಎರಡನೆಯ ಕೆಪಾಸಿಟರ್ ಬೇಡವೇ ಬೇಡ. ಮೊದಲನೆಯದರ ಫಲಕಗಳನ್ನು ಕದಲಿಸಲು ಬರುವಂತಿದ್ದು, ಅವುಗಳ ನಡುವಿನ ಅಂತರವನ್ನು ಅರ್ಧಕ್ಕೆ ಇಳಿಸುತ್ತೇವೆ ಎಂದುಕೊಳ್ಳಿ. ಧಾರಕತೆ ಇಮ್ಮಡಿಯಾಯಿತು, ಆವೇಶ ಇದ್ದಷ್ಟೇ, ವೋಲ್ಟೇಜ್ 5, ಶಕ್ತಿ 25 ಮಿಲಿಜೂಲ್. ಎರಡು ಕೆಪಾಸಿಟರುಗಳನ್ನು ಜೋಡಿಸಿದಾಗ ಬಂದ ಅಂಕಿಗಳೇ, ಒಂದೂ ಬದಲಾಗಿಲ್ಲ. ಇಲ್ಲಿ ಇಪ್ಪತ್ತೈದು ಎಲ್ಲಿ ಹೋಯಿತು? ವಿರುದ್ಧ ಆವೇಶದ ಫಲಕಗಳು ಒಂದನ್ನೊಂದು ಎಳೆಯುತ್ತವೆ. ಆ ಎಳೆತಕ್ಕೆ ದಾರ ಕಟ್ಟಿ ಮೆಲ್ಲಗೆ ಬಿಟ್ಟರೆ ಅದು 100 ಗ್ರಾಂ ತೂಕವನ್ನು ಸುಮಾರು ಎರಡೂವರೆ ಸೆಂಟಿಮೀಟರ್ ಮೇಲೆತ್ತಬಲ್ಲದು. ಶಕ್ತಿ ಕೆಲಸವಾಗಿ ಕೈಗೆ ಬಂತು. ದಾರ ಕಟ್ಟದೆ ಫಲಕಗಳನ್ನು ಹಾಗೇ ಬಿಟ್ಟರೆ ಅವು ಓಡಿಬಂದು ತಡೆಗೆ ಬಡಿದು ಅಷ್ಟನ್ನೂ ಶಾಖ ಮಾಡುತ್ತವೆ. ಮೊದಲು-ಕೊನೆಯ ಅಂಕಿಗಳನ್ನಷ್ಟೇ ನೋಡಿ ನಡುವೆ ನಡೆದದ್ದನ್ನು ಊಹಿಸಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ವೋಲ್ಟೇಜುಗಳ ವ್ಯತ್ಯಾಸದ ವರ್ಗ ಎಂದೆನಲ್ಲ, ಈಗ ಅದಕ್ಕೆ ಮರಳೋಣ. ಬರಿದಾದ ಕೆಪಾಸಿಟರನ್ನು ನೇರವಾಗಿ 10 ವೋಲ್ಟಿನ ಬ್ಯಾಟರಿಗೆ ಹಚ್ಚಿದರೂ ಇದೇ ಕಥೆ: ಬ್ಯಾಟರಿ ಕೊಡುವುದು 100 ಮಿಲಿಜೂಲ್, ಕೆಪಾಸಿಟರಿಗೆ ಸೇರುವುದು 50, ಉಳಿದ 50 ದಾರಿಯಲ್ಲೇ ಶಾಖ. ಆದರೆ ಒಮ್ಮೆಗೇ ಹತ್ತಕ್ಕೆ ಹಚ್ಚದೆ ಮೊದಲು 1 ವೋಲ್ಟ್, ಆಮೇಲೆ 2, ಆಮೇಲೆ 3 ಎಂದು ಹತ್ತು ಮೆಟ್ಟಿಲಾಗಿ ಏರಿಸಿದರೆ? ಪ್ರತಿ ಮೆಟ್ಟಿಲಿನ ವ್ಯತ್ಯಾಸ ಒಂದೇ ವೋಲ್ಟ್, ಅದರ ನಷ್ಟ ಅರ್ಧ ಮಿಲಿಜೂಲ್. ಹತ್ತೂ ಸೇರಿ ಐದು. ನೂರು ಮೆಟ್ಟಿಲು ಮಾಡಿದರೆ ನಷ್ಟ ಅರ್ಧ ಮಿಲಿಜೂಲಿಗೆ ಇಳಿಯುತ್ತದೆ. ಕೆಪಾಸಿಟರಿಗೆ ಸೇರುವುದು ಮಾತ್ರ ಎಲ್ಲ ಸಲವೂ ಐವತ್ತೇ. ನಷ್ಟಕ್ಕೆ ಕಾರಣ ಚಾರ್ಜ್ ಮಾಡುವುದಲ್ಲ, ದೊಡ್ಡ ವ್ಯತ್ಯಾಸದ ಮೇಲಿಂದ ಆವೇಶವನ್ನು ಬೀಳಿಸುವುದು.

ಇದರ ಪರಿಣಾಮ ಪ್ರತಿಯೊಂದು ಕಂಪ್ಯೂಟರ್ ಚಿಪ್ಪಿನಲ್ಲೂ ಇದೆ. ಅಲ್ಲಿನ ಪ್ರತಿ ತಂತಿ, ಪ್ರತಿ ಟ್ರಾನ್ಸಿಸ್ಟರಿನ ಗೇಟ್ (ಅದನ್ನು ತೆರೆದು ಮುಚ್ಚುವ ತುದಿ) ಒಂದು ಸಣ್ಣ ಕೆಪಾಸಿಟರ್. ಸೊನ್ನೆ ಒಂದಾಗುವಾಗ ಅದು ತುಂಬುತ್ತದೆ, ಒಂದು ಸೊನ್ನೆಯಾಗುವಾಗ ಬರಿದಾಗುತ್ತದೆ. ತುಂಬುವಾಗ ಅರ್ಧ ಶಕ್ತಿ ಶಾಖ, ಬರಿದಾಗುವಾಗ ಉಳಿದರ್ಧ ಶಾಖ. ಟ್ರಾನ್ಸಿಸ್ಟರಿನ ರೋಧವನ್ನು ಎಷ್ಟು ಕಡಿಮೆ ಮಾಡಿದರೂ ಈ ಶಾಖ ತಗ್ಗುವುದಿಲ್ಲ, ಕಾರಣ ಆಗಲೇ ನೋಡಿದ್ದೇವೆ. ತಗ್ಗಿಸಲು ಇದ್ದ ನೇರ ದಾರಿ ವೋಲ್ಟೇಜನ್ನೇ ಇಳಿಸುವುದು. ಒಂದು ಕಾಲಕ್ಕೆ 5 ವೋಲ್ಟ್‌ನಲ್ಲಿ ನಡೆಯುತ್ತಿದ್ದ ಚಿಪ್ಪುಗಳು ಇಂದು ಒಂದು ವೋಲ್ಟಿನ ಆಸುಪಾಸಿನಲ್ಲಿ ನಡೆಯುತ್ತವೆ. ಅದೊಂದರಿಂದಲೇ ಪ್ರತಿ ಬದಲಾವಣೆಯ ಖರ್ಚು ಇಪ್ಪತ್ತೈದನೆಯ ಒಂದು ಭಾಗಕ್ಕೆ ಬಂದಿದೆ. ವೋಲ್ಟೇಜನ್ನು ಇಳಿಜಾರಿನಂತೆ ಮೆಲ್ಲಗೆ ಏರಿಸಿ ಇಳಿಸುವ, ಇಂಡಕ್ಟರಿನ ಮೂಲಕ ಶಕ್ತಿಯನ್ನು ವಾಪಸು ಪಡೆಯುವ ಮಂಡಲಗಳನ್ನೂ ಸಂಶೋಧಕರು ಕಟ್ಟಿದ್ದಾರೆ. ಅವುಗಳಿಗೆ ತೆರಬೇಕಾದ ಬೆಲೆ ವೇಗ. ಮೆಲ್ಲಗೆ ಏರಿಸುವಾಗ ಹೊತ್ತು ಇಮ್ಮಡಿಯಾದರೆ ನಷ್ಟ ಅರ್ಧಕ್ಕೆ ಇಳಿಯುತ್ತದೆ, ಹತ್ತು ಪಟ್ಟಾದರೆ ಹತ್ತನೆಯ ಒಂದು ಭಾಗಕ್ಕೆ. ರೋಧಕ್ಕೆ ಇಲ್ಲಿ ಮತ್ತೆ ಬೆಲೆ ಬರುತ್ತದೆ ಎಂಬುದನ್ನೂ ಗಮನಿಸಬೇಕು: ಒಮ್ಮೆಗೇ ಬೀಳಿಸುವಾಗ ಲೆಕ್ಕಕ್ಕೇ ಬಾರದಿದ್ದ ರೋಧ, ನಿಧಾನವಾಗಿ ಏರಿಸುವಾಗ ಕಡಿಮೆಯಾದಷ್ಟೂ ನಷ್ಟ ಕಡಿಮೆ.

ಕೆಪಾಸಿಟರುಗಳನ್ನೇ ಬದಲಿಸಿ ಬದಲಿಸಿ ಜೋಡಿಸುತ್ತ ವೋಲ್ಟೇಜನ್ನು ಏರಿಳಿಸುವ ಪರಿವರ್ತಕಗಳಿವೆ. ಅವುಗಳ ವಿನ್ಯಾಸಕಾರರು ದಿನವೂ ಸೆಣಸುವುದು ಇದೇ ಇಪ್ಪತ್ತೈದು ಮಿಲಿಜೂಲಿನ ಜೊತೆ. ಅವರು ಮಾಡುವುದು ಇಷ್ಟು: ಕೆಪಾಸಿಟರುಗಳನ್ನು ದೊಡ್ಡದಿಡುತ್ತಾರೆ, ಸೆಕೆಂಡಿಗೆ ಲಕ್ಷಾಂತರ ಸಲ ಜೋಡಿಸಿ ಬಿಡಿಸುತ್ತಾರೆ. ಆಗ ಪ್ರತಿ ಜೋಡಣೆಯ ವೇಳೆಗೆ ಎರಡರ ವೋಲ್ಟೇಜುಗಳು ಮಿಲಿವೋಲ್ಟುಗಳಷ್ಟೇ ಬೇರೆಯಾಗಿರುತ್ತವೆ, ಆ ಪುಟ್ಟ ವ್ಯತ್ಯಾಸದ ವರ್ಗ ಇನ್ನೂ ಪುಟ್ಟದಾಗಿರುತ್ತದೆ.